ಅಕ್ಕಿ ಡಬ್ಬದ ಕಿಂಡಿ

ಪ್ಲಾಸ್ಟಿಕ್ ಡಬ್ಬಕ್ಕೆ ಒಂದು ಕಿಂಡಿ ಕೊರೆಯುವುದು ಅದೇನು ದೊಡ್ಡ ಕೆಲಸ ಎಂದು ಕೇಳುವವರು ಒಂದು ಸಲ ಕೊರೆದು ನೋಡಲಿ. ನಮ್ಮ ಮನೆಯಲ್ಲಿ ಡ್ರಿಲ್ ಇರಲಿಲ್ಲ, ಗರಗಸ ಇರಲಿಲ್ಲ. ಇದ್ದದ್ದು ತರಕಾರಿ ಹೆಚ್ಚುವ ಚಾಕು, ಮುರಿದ ಹ್ಯಾಕ್ಸಾ ಬ್ಲೇಡಿನ ಅರ್ಧ ತುಂಡು, ಒಂದು ಸ್ಕ್ರೂಡ್ರೈವರ್, ಮತ್ತು ನಕ್ಷೆ ಇಲ್ಲದೆ ಯಾವ ವಸ್ತುವಿಗೂ ಕೈ ಹಚ್ಚದ ಗಂಡ.

ಡಬ್ಬ ಮನೆಗೆ ಬಂದದ್ದು ಹೆಗ್ಗಣಗಳ ಕಾಟಕ್ಕೆ. ಆಗ ದೊಡ್ಡನೆಕ್ಕುಂದಿಯಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಪಾಯ ತೋಡುತ್ತಿದ್ದರು. ನಮ್ಮ ಮನೆಯ ಹಿಂದಿನ ತೋಪನ್ನೂ ಕಡಿದು ಅಪಾರ್ಟ್‌ಮೆಂಟಿಗೆ ಗುಂಡಿ ತೆಗೆದರು. ಅಲ್ಲಿದ್ದ ಹೆಗ್ಗಣಗಳು ಎಲ್ಲಿಗೆ ಹೋಗಬೇಕು? ನಮ್ಮ ಬಚ್ಚಲ ತೂಬಿನಿಂದ ಒಳಗೆ ಬಂದವು. ಅಡುಗೆಮನೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಅಕ್ಕಿ ಚೀಲವನ್ನು ಹರಿದು, ತಿಂದದ್ದಕ್ಕಿಂತ ಹೆಚ್ಚು ಚೆಲ್ಲಿ, ಮೇಲೆ ಗಲೀಜು ಮಾಡಿ ಹೋದವು. ದೇವರ ಮನೆಗೆ ನುಗ್ಗಲಿಲ್ಲ, ಅದೊಂದು ಪುಣ್ಯ. ಮಾರನೆಯ ದಿನವೇ ನಾನು ಪೇಟೆಗೆ ಹೋಗಿ ಎರಡು ದೊಡ್ಡ ಡಬ್ಬ ತಂದೆ. ಬಿಳಿ ಮೈ, ನೀಲಿ ಮುಚ್ಚಳ, ಎರಡೂ ಕಡೆ ಕ್ಲಿಪ್ಪು. ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತಿತ್ತು. ಅಕ್ಕಿ ಸುರಿದು, ಮುಚ್ಚಳ ಬಿಗಿದು, ಇನ್ನು ಬಾ ನೋಡೋಣ ಎಂದು ಹೆಗ್ಗಣಕ್ಕೆ ಮನಸ್ಸಿನಲ್ಲೇ ಹೇಳಿದೆ. ಹೆಗ್ಗಣ ಬರಲಿಲ್ಲ. ಆದರೆ ನಮ್ಮತ್ತೆಗೂ ಆ ಅಕ್ಕಿ ದೂರವಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಮುಷ್ಟಿ ಅಕ್ಕಿ ತೆಗೆದಿಡುವ ಪದ್ಧತಿ ಇದೆ. ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿದ ಮೇಲೆ, ಅನ್ನಕ್ಕೆ ಅಳೆಯುವ ಮೊದಲು, ಒಂದು ಹಿಡಿ ಅಕ್ಕಿಯನ್ನು ದೇವರ ಪಾಲೆಂದು ತೆಗೆದು ಬೇರೆ ಡಬ್ಬಿಗೆ ಹಾಕುವುದು. ಆ ಹಿತ್ತಾಳೆ ಡಬ್ಬಿ ತುಂಬಿದಾಗ ದೇವಸ್ಥಾನದ ಅನ್ನದಾನಕ್ಕೆ ಕೊಟ್ಟು ಬರುವುದು. ಆ ಹಿಡಿ ಹಾಕುತ್ತಿದ್ದವರು ನಮ್ಮತ್ತೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಅದು ಅವರ ಕೆಲಸ. ಅದಾಗುವ ತನಕ ಬಾಯಿಗೆ ಕಾಫಿಯನ್ನೂ ಹಾಕುತ್ತಿರಲಿಲ್ಲ. ಮನೆಮಂದಿ ಉಣ್ಣುವ ಅಕ್ಕಿಯಿಂದಲೇ ತೆಗೆಯಬೇಕು, ಬಲಗೈಯಲ್ಲೇ ತೆಗೆಯಬೇಕು, ಒಮ್ಮೆ ಹಿಡಿಗೆ ಬಂದದ್ದನ್ನು ವಾಪಸು ಸುರಿಯಬಾರದು. ಇವು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಗಳು. ನಮಗೆ ಯಾರಿಗೂ ಹೇರಿದವರಲ್ಲ.

ಆ ವರ್ಷ ಅವರಿಗೆ ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದಿತ್ತು. ಜೀವ ಉಳಿಯಿತು, ಮಾತು ಉಳಿಯಿತು, ಕೋಲೂರಿಕೊಂಡು ಅಡುಗೆಮನೆ ತನಕ ಬರುವಷ್ಟು ಕಾಲಿಗೆ ಬಲ ಬಂತು. ಭಗವಂತ ಇಷ್ಟನ್ನಾದರೂ ಕೊಟ್ಟನಲ್ಲ ಎಂದು ನಾನು ದಿನಾ ಎಣಿಸಿಕೊಳ್ಳುತ್ತಿದ್ದೆ. ಬಲಗೈ ಮಾತ್ರ ಅರ್ಧ ಬಂತು. ತೋಳು ಮುಂದಕ್ಕೆ ಚಾಚುತ್ತಿತ್ತು, ಮೇಲಕ್ಕೆ ಏಳುತ್ತಿರಲಿಲ್ಲ. ಬೆರಳು ಮುಚ್ಚಿಕೊಳ್ಳುತ್ತಿದ್ದವು, ತಾವಾಗಿ ಬಿಚ್ಚುತ್ತಿರಲಿಲ್ಲ. ಎಡಗೈಯಿಂದ ನೀವಿ ನೀವಿ ಬಿಡಿಸಿಕೊಳ್ಳಬೇಕು. ಅಷ್ಟಾದರೂ ಮುಷ್ಟಿ ಅಕ್ಕಿ ತಪ್ಪಿಸಲಿಲ್ಲ. ಒರಗಿದ್ದ ಚೀಲದ ಬಾಯಿ ಮೆತ್ತಗೆ ಬಗ್ಗುತ್ತಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೈಯನ್ನು ಮುಂದಕ್ಕೆ ತೂರಿಸಿ, ಒಂದು ಹಿಡಿ ಎಳೆದು, ಹಿತ್ತಾಳೆ ಡಬ್ಬಿಯ ಮೇಲೆ ಹಿಡಿದು, ಎಡಗೈಯಿಂದ ಬೆರಳು ಬಿಡಿಸಿ ಹಾಕುತ್ತಿದ್ದರು. ಎಷ್ಟು ಹೊತ್ತು ಹಿಡಿದರೂ ಯಾರನ್ನೂ ಕರೆಯುತ್ತಿರಲಿಲ್ಲ.

ನನ್ನ ಹೊಸ ಡಬ್ಬ ಕುರ್ಚಿಯಲ್ಲಿ ಕೂತರೆ ಅವರ ಎದೆಯೆತ್ತರ ಇತ್ತು. ಕ್ಲಿಪ್ಪನ್ನು ನಾನೇ ತೆಗೆದಿಟ್ಟರೂ ಆ ಗೋಡೆ ದಾಟಿ ಒಳಗಿಳಿಯಲು ತೋಳು ಏಳಬೇಕಲ್ಲ. ಬಟ್ಟಲಿಗೆ ಹಾಕಿಕೊಟ್ಟೆ. ಒಂದೆರಡು ದಿನ ಮಾತಾಡದೆ ತೆಗೆದುಕೊಂಡರು. ಆಮೇಲೆ ಒಂದು ಬೆಳಿಗ್ಗೆ ಬಟ್ಟಲನ್ನು ಹಾಗೇ ನನ್ನ ಕಡೆ ಸರಿಸಿದರು.

"ನೀನೇ ಹಾಕ್ಬಿಡಮ್ಮ. ಇದು ನೀನು ಕೊಟ್ಟಿದ್ದು, ನಾನು ಕೊಟ್ಟಂಗಾಗಲ್ಲ. ಇನ್ನು ನನ್ನದು ಅಂತ ಈ ಮನೇಲಿ ಏನಿದೆ ಹೇಳು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆ. ಸಿಟ್ಟಿರಲಿಲ್ಲ. ಅಂದಿನಿಂದ ಅಡುಗೆಮನೆಯ ಕಡೆ ಬರುವುದನ್ನೇ ಬಿಟ್ಟರು. ಕೋಲು ಮಂಚದ ಪಕ್ಕದಲ್ಲೇ ನಿಂತಿರುತ್ತಿತ್ತು. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ನಡೆಸಿ, ಕೈ ಆಡಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಮಲಗಿದವರನ್ನು ಎಬ್ಬಿಸುವುದು ಹೇಗೆ? ಡಬ್ಬದ ಮುಂಭಾಗಕ್ಕೆ, ಕುರ್ಚಿಯಲ್ಲಿ ಕೂತವರ ಕೈಯೆತ್ತರಕ್ಕೆ ಸರಿಯಾಗಿ ಒಂದು ಕಿಂಡಿ ಇದ್ದರೆ ಸಾಕು ಎಂದು ನನಗೆ ಹೊಳೆದದ್ದು ಆಗ.

ನಮ್ಮ ಯಜಮಾನರು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದರು. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ತೇಯುವ ಕೆಲಸ. ಕೇಳಿದರೆ ಭಾನುವಾರ ಮಾಡೋಣ ಅಂದರು. ಎಷ್ಟೋ ಭಾನುವಾರಗಳನ್ನು ನಾನು ಕಂಡವಳು. ಅವರು ಮೊದಲ ಪಾಳಿಗೆ ಹೋದ ಮೇಲೆ ಒಂದು ದಿನ ನಾನೇ ಕೈ ಹಾಕಿದೆ.

ಚಾಕುವನ್ನು ಗ್ಯಾಸಿನ ಮೇಲೆ ಕಾಯಿಸಿ ಖಾಲಿಯಿದ್ದ ಡಬ್ಬಕ್ಕೆ ಚುಚ್ಚಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಹೋಯಿತು, ನೋಡಿ ಖುಷಿಯಾಯಿತು. ಎರಡು ಬೆರಳಗಲ ಎಳೆಯುವಷ್ಟರಲ್ಲಿ ಚಾಕು ಆರಿತು, ಪ್ಲಾಸ್ಟಿಕ್ಕು ಅದನ್ನು ಕಚ್ಚಿ ಹಿಡಿಯಿತು. ಕಿತ್ತು ಮತ್ತೆ ಕಾಯಿಸಿ ತರುವಷ್ಟರಲ್ಲಿ ಕೊರೆದದ್ದು ಹಿಂದಿನಿಂದ ಕರಗಿ ಕೂಡಿಕೊಂಡಿತ್ತು. ಮತ್ತೆ ಕೊರೆ, ಮತ್ತೆ ಕೂಡು. ಅಂಚಿನಲ್ಲೆಲ್ಲ ಕಪ್ಪು ಗಂಟುಗಳು. ಚಾಕುವಿಗೆ ಅಂಟಿದ್ದು ಉರಿಗೆ ಬಿದ್ದು ಹೊಗೆಯೋ ಹೊಗೆ. ನೈವೇದ್ಯದ ಅನ್ನ ಆಗುವ ಒಲೆ ಅದು, ಅವತ್ತು ಶುಕ್ರವಾರ ಬೇರೆ. ಅರಿಶಿನ ಕುಂಕುಮ ಇಟ್ಟ ಒಲೆಯ ಮೇಲೆ ನಾನೇ ಕೊಳಕು ಸುರಿದ ಹಾಗಾಯಿತು. ಕಣ್ಣು ಉರಿದು ಹಿತ್ತಲಿಗೆ ಬಂದರೆ ಗೋಡೆಯಾಚೆ ಪಕ್ಕದ ಮನೆಯಾಕೆ ನಿಂತಿದ್ದಳು. ಅವರು ಆ ಊರಿನ ಮೂಲದವರು, ಹೊಲ ಹೋಗಿ ಎರಡು ಹಸು ಉಳಿದಿದ್ದವು.

"ಏನಕ್ಕಾ, ಟೈರ್ ಗಿಯರ್ ಸುಡ್ತಿದ್ದೀಯಾ? ಹಸ ಎಲ್ಲಾ ಕೆಮ್ತಾವೆ."

ಹೀಗೀಗೆ ಎಂದು ಹೇಳಿದೆ. ಅಂಗಲ್ಲ ಅದು ಮಾಡೋದು, ಕಾಯಿಸಬಾರದು, ಚಾಕುವನ್ನು ಮಚ್ಚಿನ ಹಿಂಬದಿಯಿಂದ ತಟ್ಟಬೇಕು ಎಂದು ಆಕೆ ಹೇಳಿಕೊಟ್ಟಳು. ಹಸುವಿಗೆ ನೀರಿಡುವ ಕ್ಯಾನನ್ನೆಲ್ಲ ಹಾಗೇ ಕೊಯ್ದದ್ದಂತೆ. ಅವರ ಕ್ಯಾನು ಮೆತ್ತಗಿನದು, ನನ್ನ ಡಬ್ಬ ಗಡಸು ಎಂಬುದು ನನಗಾಗಲಿ ಆಕೆಗಾಗಲಿ ಗೊತ್ತಾಗಲಿಲ್ಲ. ಮಚ್ಚಿರಲಿಲ್ಲ, ಲಟ್ಟಣಿಗೆಯಿಂದ ಮೂರನೆಯ ಸಲ ತಟ್ಟಿದ್ದೇ ಮೂಲೆಯಿಂದ ತಳದ ತನಕ ಸೀಳಿತು. ಕೈಗೆ ಗಾಯವಾಗಲಿಲ್ಲ, ಅದನ್ನೂ ದೇವರ ದಯೆಗೆ ಸೇರಿಸಿದೆ. ಒಲೆ ತಿಕ್ಕಿ, ತೊಳೆದು, ಮತ್ತೆ ಅರಿಶಿನ ಇಟ್ಟು, ಅವತ್ತು ಅಡುಗೆ ಆಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅತ್ತೆ ಒಳಗಿನಿಂದ ಏನದು ವಾಸನೆ ಎಂದು ಕೇಳಿದರು. ಹೊರಗಡೆ ಯಾರೋ ಏನೋ ಸುಡುತ್ತಿದ್ದಾರೆ ಅಂದೆ.

ಸಂಜೆ ಸೀಳಿದ ಡಬ್ಬವನ್ನು ನೋಡಿ ಯಜಮಾನರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಆಸ್ಪತ್ರೆಯ ಡಾಕ್ಟರರ ಹಾಗೆ ಬಿರುಕನ್ನು ಬೆರಳಿನಿಂದ ಸವರುತ್ತ, ಮೂಲೆ ಚೂಪಾಗಿದ್ದರೆ ಸೀಳದೆ ಇನ್ನೇನಾಗುತ್ತೆ, ಮೂಲೆಗೆ ಮೊದಲು ದುಂಡಗೆ ತೂತು ಹಾಕಬೇಕು, ಆಮೇಲೆ ತೂತಿನಿಂದ ತೂತಿಗೆ ಕೊಯ್ಯಬೇಕು ಎಂದು ಪಾಠ ಮಾಡಿದರು. ಹಾಗಾದರೆ ಇವತ್ತೇ ಮಾಡಿ, ಇನ್ನೊಂದು ಡಬ್ಬ ಇದೆಯಲ್ಲ ಅಂದೆ. ಅವರು ಹಳೆಯ ಕ್ಯಾಲೆಂಡರಿನ ಹಾಳೆ ಕೇಳಿದರು.

ಆ ಹಾಳೆಯ ಹಿಂಬದಿಯಲ್ಲಿ ಡಬ್ಬವನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಬರೆದರು. ಬಾಣದ ಗುರುತು ಹಾಕಿ ಅಳತೆ ಬರೆದರು. ಅಳಿಸಿದರು. ಮರುದಿನ ಬಂದು ಮತ್ತೆ ಬರೆದರು. ವಾರ ಕಳೆಯಿತು. ಅತ್ತೆ ಮಂಚ ಬಿಟ್ಟಿಳಿಯದೆ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು.

"ರೀ, ಇದೇನು ವಿಮಾನದ ರೆಕ್ಕೇನಾ?"

"ಡಬ್ಬ ಆದ್ರೇನು, ಅಳತೆ ಅಳತೇನೇ. ಒಂದ್ಸಲ ಕೊಯ್ದ ಮೇಲೆ ವಾಪಸ್ ಅಂಟಿಸಕ್ಕಾಗುತ್ತಾ?"

ಕಾರ್ಖಾನೆಯಿಂದ ಒಂದು ದಿನದ ಮಟ್ಟಿಗೆ ಸಲಕರಣೆ ತರಬಾರದೇ ಎಂದರೆ, ಗೇಟಿನಲ್ಲಿ ಚೀಲ ಬಿಚ್ಚಿ ನೋಡುತ್ತಾರೆ, ನನ್ನ ಚೀಲದಲ್ಲಿ ಊಟದ ಡಬ್ಬಿ ಬಿಟ್ಟು ಬೇರೇನೂ ಇವತ್ತಿನವರೆಗೂ ಸಿಕ್ಕಿಲ್ಲ ಎಂದರು. ಅದು ನಿಜ. ಅವರ ಆ ನಿಯತ್ತಿಗೆ ನಾನು ದೇವರಿಗೆ ಕೈ ಮುಗಿದಿದ್ದೇನೆ. ಆದರೆ ಆ ವಾರ ಮುಗಿಯುವ ಹೊತ್ತಿಗೆ ನನಗೆ ಅದರ ಮೇಲೂ ಬೇಜಾರು ಬಂದಿತ್ತು.

ಕೊನೆಗೆ ಭಾನುವಾರ ಅಮ್ಮನ ಹತ್ತಿರ ಹೋಗಿ ಕೈ ಕೊಡು ಅಂದರು. ಎಡಗೈಯಿಂದ ಬಲಗೈಯನ್ನು ರಟ್ಟಿನ ಮೇಲೆ ಚಪ್ಪಟೆಯಾಗಿ ಒತ್ತಿಸಿ, ಸುತ್ತ ಪೆನ್ಸಿಲ್ ಎಳೆದರು. ದಪ್ಪವನ್ನೂ ಅಳೆದರು. ಯಾಕೋ ಇದೆಲ್ಲ, ಬಳೆ ಮಾಡಿಸ್ತೀಯಾ ಎಂದು ಅತ್ತೆ ಕೇಳಿದರು. ತಿಂಗಳಿನಿಂದ ಅವರ ಬಾಯಲ್ಲಿ ಬಂದ ಮೊದಲ ತಮಾಷೆ ಅದು. ನಾನು ಇವರಿಗೆ, ಕಿಂಡಿ ಆದಷ್ಟು ಚಿಕ್ಕದಿರಲಿ, ಇಲ್ಲದಿದ್ದರೆ ಹೆಗ್ಗಣಕ್ಕೂ ಅದೇ ಬಾಗಿಲಾಗುತ್ತದೆ ಎಂದು ಒತ್ತಿ ಹೇಳಿದೆ.

ಹಳೇ ಸೀಮೆಎಣ್ಣೆ ಸ್ಟೌವನ್ನು ಹಿತ್ತಲಿಗೆ ಒಯ್ದು ಸ್ಕ್ರೂಡ್ರೈವರ್ ಕಾಯಿಸಿ ನಾಲ್ಕು ಮೂಲೆಗೆ ದುಂಡು ತೂತು ಹಾಕಿದರು. ಹ್ಯಾಕ್ಸಾ ತುಂಡಿಗೆ ಬಟ್ಟೆ ಸುತ್ತಿಕೊಂಡು, ತೂತಿನಲ್ಲಿ ತೂರಿಸಿ, ಗೀಟಿನ ಮೇಲೆ ಒಂದೆಳೆ ಆಚೀಚೆ ಹೋಗದ ಹಾಗೆ ಕೊಯ್ದರು. ಮಧ್ಯಾಹ್ನದ ಊಟಕ್ಕೆ ಕರೆದರೆ ಬರಲಿಲ್ಲ. ಅಂಗೈ ಬೊಬ್ಬೆ ಎದ್ದಿತ್ತು. ಆಮೇಲೆ ಉಪ್ಪು ಕಾಗದದಿಂದ ಉಜ್ಜಿ ಅಂಚನ್ನು ಎಷ್ಟು ನುಣ್ಣಗೆ ಮಾಡಿದರೆಂದರೆ ನಾನು ಕೆನ್ನೆಗೆ ತಾಗಿಸಿ ನೋಡಿದೆ. ಕೊಯ್ದು ತೆಗೆದ ತುಂಡನ್ನು ಮೇಲಂಚಿಗೆ ಟೇಪಿನಿಂದ ಅಂಟಿಸಿದರು. ಕೈಯಿಂದ ನೂಕಿದರೆ ಒಳಕ್ಕೆ ಬಾಗುವ ಬಾಗಿಲು. ರಾತ್ರಿ ಅದಕ್ಕೆ ಅಡ್ಡವಾಗಿ ಒಂದು ಹಲಗೆ ಒರಗಿಸಿ ಇಟ್ಟಿಗೆ ಇಟ್ಟರೆ ಮುಗಿಯಿತು. ಅಂಚೆ ಡಬ್ಬದ ಬಾಯಿಯ ಹಾಗೆ ಅಗಲವಾಗಿ, ತೆಳ್ಳಗೆ, ಅಚ್ಚುಕಟ್ಟಾಗಿತ್ತು. ಕಿಂಡಿಯ ಕೆಳಗಂಚಿನ ತನಕ ಮಾತ್ರ ಅಕ್ಕಿ ತುಂಬಿ, ಡಬ್ಬವನ್ನು ಮಣೆಯ ಮೇಲಿಟ್ಟೆ. ಇವರು ಅತ್ತೆಯನ್ನು ಕರೆತಂದು ಒಂದು ಸಲ ಕೈ ಒಳಗೆ ಹಾಕಿಸಿ ನೋಡಿದರು. ಸರಾಗವಾಗಿ ಹೋಯಿತು, ಬಂತು. ಇವರ ಮುಖ ನೋಡಬೇಕಿತ್ತು. ಕಾರ್ಖಾನೆಯಲ್ಲಿ ಗೇಜು ಎಂದು ಒಂದಿರುತ್ತದಂತೆ, ಅದು ತೂತಿನೊಳಗೆ ಹೋದರೆ ಕೆಲಸ ಪಾಸಂತೆ. ನಮ್ಮ ಕಿಂಡಿ ಪಾಸಾಯಿತು.

ಮಾರನೆಯ ಬೆಳಿಗ್ಗೆ ಅತ್ತೆ ತಾವಾಗಿಯೇ ಎದ್ದರು. ಸ್ನಾನ ಮಾಡಿಸಿದೆ. ದೀಪ ಹಚ್ಚಿದರು. ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಬೆರಳುಗಳನ್ನು ನೀವಿ ಬಿಡಿಸಿ, ಬಾಗಿಲನ್ನು ನೂಕಿ ಕೈ ಒಳಗಿಟ್ಟರು. ಯಜಮಾನರು ಕಂಪನಿ ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟಿದ ಕಾಲಲ್ಲೇ ಅಡುಗೆಮನೆಯ ಹೊಸ್ತಿಲಾಚೆ ನಿಂತಿದ್ದರು. ಅಕ್ಕಿ ಸರಸರ ಅಂದದ್ದು ಕೇಳಿಸಿತು. ಹಿಡಿ ತುಂಬಿತು. ಕೈ ಎಳೆದರು.

ಬರಲಿಲ್ಲ.

ಚಪ್ಪಟೆ ಕೈ ಹೋಗುವ ಕಿಂಡಿಯಲ್ಲಿ ಅಕ್ಕಿ ಹಿಡಿದ ಮುಷ್ಟಿ ಹೇಗೆ ಬಂದೀತು? ಎಷ್ಟು ಹಾಳೆ ಬರೆದು ಅಳಿಸಿದ್ದೆವು, ಎಷ್ಟು ಚರ್ಚೆ ಮಾಡಿದ್ದೆವು, ಹೆಗ್ಗಣದ ತಲೆಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದಿದ್ದೆವು. ಮುಷ್ಟಿ ಅಕ್ಕಿಗೆಂದು ಮಾಡಿದ ಕಿಂಡಿಗೆ ಮುಷ್ಟಿಯನ್ನು ಅಳೆದಿರಲಿಲ್ಲ.

ಅಕ್ಕಿ ಬಿಟ್ಟು ಕೈ ತೆಗಿ ಎಂದು ಇವರು ಹೇಳಿದರು. ಬಿಡುವುದು ಹೇಗೆ? ಬೆರಳು ತಾವಾಗಿ ಬಿಚ್ಚುವುದಿಲ್ಲ, ಬಿಡಿಸಲು ಎಡಗೈ ಒಳಗೆ ಹೋಗುವುದಿಲ್ಲ. ಗಾಬರಿಗೆ ಮುಷ್ಟಿ ಇನ್ನಷ್ಟು ಬಿಗಿಯಿತು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಬಿಡುವ ಮನಸ್ಸೂ ಇರಲಿಲ್ಲ.

"ದೇವರಿಗೆ ಅಂತ ಹಿಡಿದಿದ್ದೀನಿ. ವಾಪಸ್ ಸುರಿಯಲ್ಲ ಕಣೋ."

"ಅಮ್ಮಾ, ಕೈ ಸಿಕ್ಕಾಕೊಂಡಿದೆ. ದೇವರೇನು ಬೇಜಾರ್ ಮಾಡ್ಕೊಳಲ್ಲ."

"ದೇವರು ಮಾಡ್ಕೊಳಲ್ಲ. ನಾನು ಮಾಡ್ಕೋತೀನಿ."

ಮಣಿಕಟ್ಟು ಕೆಂಪಗಾಗುತ್ತಿತ್ತು. ನನಗೆ ಸಿಟ್ಟು ಬಂತು. ಡಬ್ಬದ ಮೇಲೆ, ಇವರ ನಕ್ಷೆಯ ಮೇಲೆ, ಅತ್ತೆಯ ಹಟದ ಮೇಲೆ, ಹಿಂದಿನ ತೋಪು ಕಡಿದವರ ಮೇಲೆ. ಪಟಪಟನೆ ಎರಡೂ ಕ್ಲಿಪ್ಪು ತೆಗೆದು, ಮುಚ್ಚಳ ಬಿಸಾಕಿ, ಮೇಲಿನಿಂದ ನನ್ನ ಕೈ ಇಳಿಸಿದೆ. ಒಂದು ಅಂಗೈಯನ್ನು ಅವರ ಮುಷ್ಟಿಯ ಕೆಳಗೆ ಒಡ್ಡಿದೆ. ಇನ್ನೊಂದರಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ತಣ್ಣಗಿದ್ದವು. ಅಕ್ಕಿ ನನ್ನ ಅಂಗೈಗೆ ಇಳಿಯಿತು, ಒಂದು ಕಾಳೂ ಡಬ್ಬಕ್ಕೆ ಬೀಳಲಿಲ್ಲ. ಅವರ ಕೈ ಹೊರಬಂತು. ಆ ಅಕ್ಕಿಯನ್ನು ಹಿತ್ತಾಳೆ ಡಬ್ಬಿಗೆ ಹಾಕಿ, ಆಯ್ತು ಬಿಡಿ ಅತ್ತೆ, ಕಾಫಿ ಕುಡೀರಿ ಎಂದೆ.

ಅತ್ತೆ ಮಣಿಕಟ್ಟು ನೀವಿಕೊಳ್ಳುತ್ತ ಡಬ್ಬಿಯನ್ನೇ ನೋಡುತ್ತಿದ್ದರು.

"ಅದು ನಿನ್ನ ಲೆಕ್ಕ. ನನ್ನದಿನ್ನೂ ಆಗಿಲ್ಲ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯಾ? ದೊಡ್ಡದು ಮಾಡು," ಎಂದರು.

ಹೊರಗೆ ಕಂಪನಿ ಬಸ್ಸಿನ ಹಾರ್ನ್ ಕೇಳಿತು. ಇವರು ಬಾಗಿಲ ಕಡೆ ನೋಡಿದರು, ಅಮ್ಮನ ಕಡೆ ನೋಡಿದರು. ಚಪ್ಪಲಿ ಕಳಚಿ ಒಳಗೆ ಬಂದರು. ಅಕ್ಕಿಯನ್ನು ಬೇರೆ ಪಾತ್ರೆಗೆ ಸುರಿಯಬೇಕು, ಗೀಟು ಎಳೆಯಬೇಕು, ತೂತು ಹಾಕಬೇಕು ಎಂದು ಶುರು ಮಾಡಿದರು. ಅತ್ತೆ ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿದ್ದಾರೆ, ಮಾತ್ರೆ ನುಂಗಬೇಕು, ಸುಮ್ಮನೆ ಕೊಯ್ಯಿರಿ ಎಂದು ನಾನು ಬ್ಲೇಡನ್ನು ಕೈಗೆ ತುರುಕಿದೆ. ಅಕ್ಕಿಯನ್ನು ಹಿಂದಕ್ಕೆ ತಳ್ಳಿ, ನಾನು ಡಬ್ಬ ಅದುಮಿ ಹಿಡಿದೆ, ಅವರು ಕೊಯ್ದರು. ನಕ್ಷೆಯಿಲ್ಲ, ಗೀಟಿಲ್ಲ. ಬ್ಲೇಡು ಎತ್ತ ಹೋಯಿತೋ ಅತ್ತ. ಒಂದು ಪಕ್ಕ ಕೆಳಗಿಳಿಯಿತು, ಇನ್ನೊಂದು ಪಕ್ಕ ವಾಲಿತು, ಒಂದು ಕಡೆ ಬೆರಳುದ್ದ ಬಿರುಕೂ ಬಿಟ್ಟಿತು. ಅಳತೆಯ ಮನುಷ್ಯ ತಮ್ಮ ಕೈಯಾರೆ ಅಂಥ ಕೆಲಸ ಮಾಡುವಾಗ ಮುಖ ಹುಳಿ ತಿಂದವರ ಹಾಗಿತ್ತು. ಬಾಗಿಲು ಮಾಡಿದ್ದ ತುಂಡು ಈಗ ಕಿಂಡಿಯ ಅರ್ಧವನ್ನೂ ಮುಚ್ಚುತ್ತಿರಲಿಲ್ಲ. ಅಂಚಿಗೆ ನಾನು ಹಳೆಯ ಸೀರೆಯ ತುಂಡು ಮಡಚಿ ಟೇಪು ಸುತ್ತಿದೆ.

ಅತ್ತೆ ಮತ್ತೆ ಬೆರಳು ನೀವಿಕೊಂಡರು. ಕೈ ಒಳಗೆ ಹೋಯಿತು. ದಣಿದ ಕೈ, ಮೊದಲಿನ ಬಿಗಿ ಇರಲಿಲ್ಲ. ಹೊರಬರುವಾಗ ಬೆರಳಸಂದಿಯಿಂದ ಅಕ್ಕಿ ಉದುರುತ್ತಲೇ ಬಂತು, ಕಿಂಡಿಯ ಅಂಚಿನಲ್ಲಿ, ಮಣೆಯ ಮೇಲೆ, ಅವರ ಮಡಿಲಲ್ಲಿ. ಹಿತ್ತಾಳೆ ಡಬ್ಬಿಯ ಮೇಲೆ ಹಿಡಿದು ಬೆರಳು ಬಿಡಿಸಿದಾಗ ಬಿದ್ದದ್ದು ಒಂದು ಚಿಟಿಕೆ. ಅಂಗೈಗೆ ಅಂಟಿದ್ದ ಕಾಳುಗಳನ್ನೂ ಎಡಗೈಯಿಂದ ಒರೆಸಿ ಹಾಕಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇಷ್ಟೇನಾ ಎನ್ನುತ್ತಾರೇನೋ, ಇದೂ ಲೆಕ್ಕಕ್ಕಿಲ್ಲ ಎನ್ನುತ್ತಾರೇನೋ ಎಂದು. ಅವರು ಕಣ್ಣು ಮುಚ್ಚಿ ಕೈ ಮುಗಿದರು. ಬಲಗೈ ಎಡಗೈಗೆ ಪೂರ್ತಿ ಸೇರಲಿಲ್ಲ, ಸೇರಿದಷ್ಟೇ. ಆಮೇಲೆ ಕಾಫಿ ಕೇಳಿದರು. ಬಿಸಿಯಾಗಿರಲಿ ಎಂದೂ ಹೇಳಿದರು.

ಇವರು ಬಸ್ಸು ತಪ್ಪಿಸಿಕೊಂಡು ಸಿಟಿ ಬಸ್ಸು ಹತ್ತಿ ಹೋದರು. ನನಗೆ ಉಳಿದದ್ದು ಅಕ್ಕಿ. ಅಕ್ಕಿ ಒಳಗಿರುವಾಗಲೇ ಡಬ್ಬ ಕೊಯ್ದದ್ದರಿಂದ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು ಅಕ್ಕಿಯಲ್ಲೆಲ್ಲ ಬೆರೆತಿತ್ತು. ಡಬ್ಬ ಬಿಳಿ, ಅಕ್ಕಿ ಬಿಳಿ. ನೀಲಿ ಡಬ್ಬ ತಂದಿದ್ದರೆ ಕಣ್ಣಿಗಾದರೂ ಕಾಣುತ್ತಿತ್ತು. ಹಿತ್ತಾಳೆ ಡಬ್ಬಿಯನ್ನು ಬಗ್ಗಿ ನೋಡಿದೆ, ದೇವರ ಪಾಲಿಗೆ ಚೂರು ಹೋಗಿರಲಿಲ್ಲ. ಅಷ್ಟು ಸಾಕು ಎಂದುಕೊಂಡು, ಅಷ್ಟೂ ಅಕ್ಕಿಯನ್ನು ಸ್ವಲ್ಪ ಸ್ವಲ್ಪವಾಗಿ ಮೊರಕ್ಕೆ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕೂತೆ. ಕೇರಿದರೂ ಎಲ್ಲ ಹಾರುವುದಿಲ್ಲ, ಇಡೀ ಡಬ್ಬದ ಅಕ್ಕಿಯನ್ನು ನೀರಿಗೆ ಹಾಕುವಂತೆಯೂ ಇಲ್ಲ. ಒಂದೊಂದನ್ನೇ ಹೆಕ್ಕಬೇಕು. ಸೊಂಟ ಹಿಡಿಯಿತು. ಹಾಳು ಪ್ಲಾಸ್ಟಿಕ್ಕು ಎಂದು ಬಾಯಿಬಿಟ್ಟೇ ಬೈದೆ.

ಕೋಲಿನ ಸದ್ದಾಯಿತು. ಅತ್ತೆ ಬಂದು, ನಾನು ಹೇಳದೆಯೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಮೊರವನ್ನು ಕೋಲಿನ ತುದಿಯಿಂದ ತೋರಿಸಿ, ಮೇಲೆ ಕೊಡು ಎಂದರು. ತೊಡೆಯ ಮೇಲಿಟ್ಟೆ. ಎಡಗೈ ಬೆರಳಿನಿಂದ ಅಕ್ಕಿಯನ್ನು ಸರಿಸುತ್ತ, ನಾನು ಹೆಕ್ಕಿ ನೆಲಕ್ಕೆ ಹಾಕಿದ್ದ ಚೂರುಗಳ ಗುಡ್ಡೆಯನ್ನು ನೋಡಿ ಹುಬ್ಬು ಗಂಟು ಹಾಕಿದರು.

"ಇದೇನೇ ನೀನು ಆರಿಸಿರೋದು? ಅರ್ಧಕ್ಕರ್ಧ ನುಚ್ಚು. ಬಿಸಾಕ್ಬೇಡ, ಎತ್ಕೊ."